ಕಾಗೆ ಕೂತದ್ದು, ಕೊಂಬೆ ಮುರಿದದ್ದು

ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮ ಮನೆಯಲ್ಲೊಂದು ಸಣ್ಣ ಯುದ್ಧವೇ ನಡೆಯಿತು. ಅತ್ತೆಗೆ 84 ವರ್ಷ, ಜೊತೆಗೆ ಉಬ್ಬಸ. ಅದರ ಹಿಂದಿನ ವರ್ಷ ಫ್ಲೂ ಬಂದು ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದರು. 'ಈ ಸಲ ಮಳೆ ಹಿಡಿಯುವ ಮೊದಲೇ ಫ್ಲೂ ಲಸಿಕೆ ಹಾಕಿಸಿಬಿಡಿ' ಎಂದು ಡಾಕ್ಟರಮ್ಮ ಹೇಳಿದ್ದರು. ನಾನು ಒಪ್ಪಿದೆ, ಅತ್ತೆ ಒಪ್ಪಲಿಲ್ಲ. ಪಕ್ಕದ ಮನೆಯ ಸರೋಜಕ್ಕ ಆಗಲೇ ಅವರ ಕಿವಿಯೂದಿ ಹೋಗಿದ್ದರು: 'ಅಮೆರಿಕದಲ್ಲಿ ಆ ಸೂಜಿ ಹಾಕಿಸಿಕೊಂಡವರಿಗೆ ಕೈಕಾಲೇ ಬಿದ್ದುಹೋಯಿತಂತೆ!'

ಸುಳ್ಳು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದಿತ್ತು. ಆದರೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟವಳು ನಾನು. ಸರೋಜಕ್ಕನ ಮಾತಿನಲ್ಲಿ ಸತ್ಯದ ಒಂದು ಎಳೆ ಇದೆ ಎಂದು ನನಗೆ ಗೊತ್ತಿತ್ತು. ಆ ಎಳೆ ಹಿಡಿದು ಹೋದರೆ 1976ಕ್ಕೆ ಹೋಗಿ ನಿಲ್ಲುತ್ತೇವೆ.

ಆ ವರ್ಷದ ಆರಂಭದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಫೋರ್ಟ್ ಡಿಕ್ಸ್ ಎಂಬ ಸೈನಿಕ ಶಿಬಿರದಲ್ಲಿ ಹೊಸದಾಗಿ ಸೇರಿದ ಹುಡುಗರಿಗೆ ಜ್ವರ ಹತ್ತಿತು. ಒಬ್ಬ ಹುಡುಗ ಜ್ವರದಲ್ಲೇ ಕವಾಯತಿಗೆ ಹೋಗಿ ಕುಸಿದುಬಿದ್ದು ಸತ್ತ. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಹಂದಿಗಳಲ್ಲಿ ಕಾಣುವ ಫ್ಲೂ ವೈರಸ್ಸು. ರಕ್ತಪರೀಕ್ಷೆಯಿಂದ ಅಲ್ಲಿಯ 200ಕ್ಕೂ ಹೆಚ್ಚು ಸೈನಿಕರಿಗೆ ಸೋಂಕು ತಗುಲಿರುವುದು ತಿಳಿದುಬಂತು. ವಿಜ್ಞಾನಿಗಳಿಗೆ ತಕ್ಷಣ ನೆನಪಾದದ್ದು 1918.

1918 ಎಂದರೆ ನನಗೂ ಬರೀ ಪಾಠದ ಇಸವಿಯಲ್ಲ. ನನ್ನ ಅಜ್ಜಿ ಆಗ ಹತ್ತು ವರ್ಷದ ಹುಡುಗಿ. ತರೀಕೆರೆ ಕಡೆಯ ಹಳ್ಳಿ. ಒಂದೇ ವಾರದಲ್ಲಿ ಅವಳ ತಾಯಿ, ಚಿಕ್ಕಮ್ಮ, ತೊಟ್ಟಿಲ ಕೂಸು ಮೂವರೂ ಹೋದರು. 'ಹೊತ್ತುಕೊಂಡು ಹೋಗೋಕೆ ನಾಲ್ಕು ಹೆಗಲು ಸಿಗಲಿಲ್ಲ ಕಣೇ' ಎನ್ನುತ್ತಿದ್ದಳು ಅಜ್ಜಿ. ಮಹಾಯುದ್ಧದ ಕಾಲದಲ್ಲಿ ಹಡಗುಗಳ ಮೂಲಕ ಮುಂಬಯಿಗೆ ಬಂದಿಳಿದ ಆ ಜ್ವರ ರೈಲು ಹತ್ತಿ ದೇಶವೆಲ್ಲ ಸುತ್ತಿತು. ಭಾರತವೊಂದರಲ್ಲೇ ಒಂದು ಕೋಟಿಗಿಂತ ಹೆಚ್ಚು ಜನ ಸತ್ತರೆಂದು ಅಂದಾಜು. ಅಜ್ಜಿಯ ಮನೆಯ ಆ ಮೂವರನ್ನು ಯಾವ ಲೆಕ್ಕದಲ್ಲಿ ಸೇರಿಸಿದರೋ, ಸೇರಿಸಿದರೋ ಇಲ್ಲವೋ, ಯಾರು ಬಲ್ಲರು!

ಇಂಥ ಮಾರಿ ಮತ್ತೆ ಬಂದೀತೆಂಬ ಭಯ ಬಂದಾಗ ಸರ್ಕಾರ ಸುಮ್ಮನೆ ಕೂತೀತೇ? 1976ರ ಮಾರ್ಚ್ 24ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್, ಪೋಲಿಯೊ ಲಸಿಕೆಗೆ ಹೆಸರಾದ ಜೋನಾಸ್ ಸಾಕ್ ಮತ್ತು ಆಲ್ಬರ್ಟ್ ಸೇಬಿನ್ ಇಬ್ಬರನ್ನೂ ಜೊತೆಗಿಟ್ಟುಕೊಂಡು ಟೀವಿಯಲ್ಲಿ ಘೋಷಿಸಿದರು: ದೇಶದ ಪ್ರತಿಯೊಬ್ಬರಿಗೂ ಲಸಿಕೆ. ಅದಕ್ಕೆ ಕೇಳಿದ ಹಣ 13.5 ಕೋಟಿ ಡಾಲರ್. ಇಪ್ಪತ್ತು ಕೋಟಿಗೂ ಮೀರಿದ ಜನಕ್ಕೆ ಕೆಲವೇ ತಿಂಗಳಲ್ಲಿ ಹೊಸ ಲಸಿಕೆ ತಯಾರಿಸಿ ಚುಚ್ಚಬೇಕು!

ಚರ್ಚೆ ಶುರುವಾದದ್ದು ಇಲ್ಲಿಂದ. ಬೇಸಿಗೆ ಬಂತು, ಫೋರ್ಟ್ ಡಿಕ್ಸ್ ಆಚೆಗೆ ಆ ಜ್ವರ ಹಬ್ಬಿದ ಸುಳಿವೇ ಇಲ್ಲ. ಆಗ ಸೇಬಿನ್ ಅವರೇ ಮನಸ್ಸು ಬದಲಾಯಿಸಿದರು. ಲಸಿಕೆ ತಯಾರಿಸಿ ದಾಸ್ತಾನು ಇಟ್ಟುಕೊಳ್ಳೋಣ, ಜ್ವರ ನಿಜವಾಗಿ ಹಬ್ಬಿದರೆ ಆಗ ಹಾಕೋಣ ಎಂದರು. ನಾವು ಮಳೆಗಾಲಕ್ಕೆ ಸೌದೆ ಒಟ್ಟಿಡುವುದಿಲ್ಲವೇ, ಹಾಗೆ. ಸರ್ಕಾರ ಕೇಳಲಿಲ್ಲ. ಇತ್ತ ವಿಮಾ ಕಂಪನಿಗಳು ಲಸಿಕೆ ತಯಾರಕರಿಗೆ ರಕ್ಷಣೆ ಕೊಡುವುದಿಲ್ಲವೆಂದು ಕೈ ಎತ್ತಿದವು. ಲಸಿಕೆಯಿಂದ ತೊಂದರೆಯಾದರೆ ಅದರ ಹೊಣೆ ಸರ್ಕಾರದ್ದೇ ಎಂದು ಆಗಸ್ಟಿನಲ್ಲಿ ಕಾನೂನನ್ನೇ ಮಾಡಬೇಕಾಯಿತು. 'ಅಷ್ಟು ಸುರಕ್ಷಿತವಾದರೆ ವಿಮೆಯವರು ಯಾಕೆ ಹಿಂಜರಿದರು?' ಎಂದು ಜನ ಕೇಳಿದರೆ ಅದು ಅಜ್ಞಾನವೇ? ನೀವೇ ಹೇಳಿ. ನಾನಾದರೂ ಕೇಳುತ್ತಿದ್ದೆ.

ಅಕ್ಟೋಬರ್ 1ರಂದು ಲಸಿಕೆ ಆರಂಭವಾಯಿತು. ಹತ್ತು ಹನ್ನೆರಡು ದಿನದೊಳಗೇ ಪಿಟ್ಸ್‌ಬರ್ಗ್ ಊರಿನಲ್ಲಿ ಲಸಿಕೆ ಹಾಕಿಸಿಕೊಂಡ ಮೂವರು ವೃದ್ಧರು ತೀರಿಹೋದರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಹಲವು ರಾಜ್ಯಗಳು ಲಸಿಕೆಯನ್ನು ನಿಲ್ಲಿಸಿದವು. ಫೋರ್ಡ್ ತಾವೇ ಅಂಗಿಯ ತೋಳು ಮಡಚಿ, ಟೀವಿ ಕ್ಯಾಮೆರಾ ಮುಂದೆ ಚುಚ್ಚಿಸಿಕೊಂಡು ತೋರಿಸಬೇಕಾಯಿತು.

ನಮ್ಮಲ್ಲೊಂದು ಗಾದೆಯಿದೆಯಲ್ಲ, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು. ಪಿಟ್ಸ್‌ಬರ್ಗಿನದು ಅಂಥದೇ. ಲಕ್ಷಾಂತರ ವೃದ್ಧರಿಗೆ ಸೂಜಿ ಹಾಕಿದರೆ ಅವರಲ್ಲಿ ಕೆಲವರು ಅದೇ ವಾರ ಹೃದಯಾಘಾತದಿಂದ ಸಾಯುತ್ತಾರೆ. ಸೂಜಿ ಹಾಕದಿದ್ದರೂ ಸಾಯುತ್ತಿದ್ದರು. ತನಿಖೆ ಮಾಡಿದವರಿಗೆ ಲಸಿಕೆಗೂ ಆ ಸಾವುಗಳಿಗೂ ನಂಟು ಕಾಣಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಸರೋಜಕ್ಕನ ಮುಂದೆ ನಾನು ಗೆದ್ದಂತೆಯೇ. ಮುಗಿಯಲಿಲ್ಲ. ನವೆಂಬರಿನಲ್ಲಿ ಮಿನೆಸೋಟ ರಾಜ್ಯದಿಂದ ಬೇರೊಂದು ಸುದ್ದಿ ಬಂತು. ಲಸಿಕೆ ಹಾಕಿಸಿಕೊಂಡ ಕೆಲವರಲ್ಲಿ ಗಿಯಾನ್ ಬಾರೆ ಎಂಬ ನರಗಳ ಕಾಯಿಲೆ ಕಾಣಿಸಿತ್ತು. ದೇಹವನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ನರಗಳ ಮೇಲೆ ಎರಗುವ ಕಾಯಿಲೆ. ಕಾಲಿನಲ್ಲಿ ಜುಮುಜುಮು ಎಂದು ಶುರುವಾಗಿ ಬಲ ಕುಗ್ಗುತ್ತ ಮೇಲಕ್ಕೇರುತ್ತದೆ. ಬಹಳ ಜನ ನಿಧಾನವಾಗಿ ಚೇತರಿಸಿಕೊಳ್ಳುತ್ತಾರೆ, ಕೆಲವರು ಉಳಿಯುವುದಿಲ್ಲ. ಲಸಿಕೆಯ ಗೊಡವೆಯೇ ಇಲ್ಲದವರಿಗೂ ಅಪರೂಪಕ್ಕೆ ಬರುವಂಥದು. ಹಾಗಾದರೆ ಇದೂ ಕಾಗೆ ಕೊಂಬೆಯ ಕಥೆಯೇ?

ಈ ಸಲ ಅಲ್ಲ. ರಾಜ್ಯರಾಜ್ಯಗಳಿಂದ ಲೆಕ್ಕ ತರಿಸಿದರು. ಲಸಿಕೆ ಹಾಕಿಸಿಕೊಂಡವರಲ್ಲಿ ಎಷ್ಟು, ಹಾಕಿಸಿಕೊಳ್ಳದವರಲ್ಲಿ ಎಷ್ಟು ಎಂದು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಹಾಕಿಸಿಕೊಂಡವರಲ್ಲಿ ಹೆಚ್ಚಿತ್ತು, ಲಕ್ಷಕ್ಕೆ ಸುಮಾರು ಒಬ್ಬರಂತೆ ಹೆಚ್ಚು. ಕೊಂಬೆ ಮುರಿದದ್ದು ಕಾಗೆಯಿಂದಲೇ! ಡಿಸೆಂಬರ್ 16ರಂದು ಲಸಿಕೆ ನಿಂತಿತು. ಅಷ್ಟರಲ್ಲಿ 4 ಕೋಟಿಗೂ ಹೆಚ್ಚು ಜನ ಹಾಕಿಸಿಕೊಂಡಾಗಿತ್ತು. ಅವರು ಹೆದರಿದ್ದ ಮಹಾಮಾರಿ ಮಾತ್ರ ಬರಲೇ ಇಲ್ಲ.

ಇದನ್ನೆಲ್ಲ ಓದುವಾಗ ನನಗೆ ಯಾರ ಮೇಲೂ ಸಿಟ್ಟು ಬರುವುದಿಲ್ಲ. 1918ನ್ನು ನೆನೆದು ಅವಸರ ಮಾಡಿದವರ ಎದೆಯಲ್ಲಿದ್ದದ್ದು ನನ್ನ ಅಜ್ಜಿಯ ಭಯವೇ. ಸಿಟ್ಟು ಬರುವುದು 'ಏನೂ ಆಗಲ್ಲ' ಎಂಬ ಮಾತಿನ ಮೇಲೆ. ಹೊಸ ಲಸಿಕೆ, ಇಷ್ಟು ಜನಕ್ಕೆ ಹಿಂದೆಂದೂ ಕೊಟ್ಟಿಲ್ಲ, ಲಕ್ಷಕ್ಕೊಬ್ಬರಿಗೆ ಆಗುವ ತೊಂದರೆ ಸಾವಿರ ಜನರ ಪರೀಕ್ಷೆಯಲ್ಲಿ ಕಾಣದೇ ಇರಬಹುದು ಎಂದು ಮೊದಲೇ ಬಿಡಿಸಿ ಹೇಳಿದ್ದರೆ ಜನ ಯೋಚಿಸಿ ತೀರ್ಮಾನಿಸುತ್ತಿದ್ದರು. ಕೆಟ್ಟದ್ದು ಎದುರಾದಾಗ ಮೋಸ ಹೋದೆವು ಎನ್ನಿಸುತ್ತಿರಲಿಲ್ಲ.

ಅತ್ತೆಯ ಹಟಕ್ಕೂ ಅದೇ ಮೂಲ. ಕೆಲವು ವರ್ಷಗಳ ಹಿಂದೆ ಬೇರೊಂದು ಲಸಿಕೆ ಹಾಕುವಾಗ ಒಬ್ಬ ವೈದ್ಯರು ತಲೆ ಎತ್ತಿಯೂ ನೋಡದೆ 'ಏನೂ ಆಗಲ್ಲ ಅಜ್ಜಿ' ಎಂದಿದ್ದರು. ಆ ರಾತ್ರಿ ಜ್ವರ ಬಂದು, ತೋಳು ಬಾತು, ಅತ್ತೆ ಎರಡು ದಿನ ಎದ್ದಿರಲಿಲ್ಲ. ದೊಡ್ಡ ತೊಂದರೆಯೇನಲ್ಲ. ಆದರೆ ನಂಬಿಕೆ ಹೋಗಿತ್ತು.

ಅದಕ್ಕೇ ಒಂದು ಮಧ್ಯಾಹ್ನ ಅವರ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಫೋರ್ಟ್ ಡಿಕ್ಸಿನ ಹುಡುಗ, ಟೀವಿಯಲ್ಲಿ ಚುಚ್ಚಿಸಿಕೊಂಡ ಅಧ್ಯಕ್ಷ, ಬಿದ್ದುಹೋದ ಕಾಲುಗಳು, ಯಾವುದನ್ನೂ ಮುಚ್ಚಿಡಲಿಲ್ಲ. ಅಂದಿನಿಂದ ಫ್ಲೂ ಲಸಿಕೆಯ ಹಿಂದೆಯೇ ಈ ಕಾಯಿಲೆಯ ಲೆಕ್ಕ ಇಡುತ್ತ ಬಂದಿದ್ದಾರೆ, ಈಗಿನವುಗಳಲ್ಲಿ ಹೆಚ್ಚಾದರೆ ಹತ್ತು ಲಕ್ಷಕ್ಕೆ ಒಬ್ಬರೋ ಇಬ್ಬರೋ, ಫ್ಲೂ ಜ್ವರದಿಂದಲೇ ಆ ಕಾಯಿಲೆ ಬರುವ ಸಂಭವ ಅದಕ್ಕಿಂತ ಹೆಚ್ಚು ಎಂದೂ ಹೇಳಿದೆ. 'ಕೈ ನೋಯುತ್ತೆ, ಒಂದು ದಿನ ಮೈ ಬಿಸಿಯಾದರೂ ಆಗಬಹುದು. ಹಾಕಿಸಿಕೊಂಡ ಮೇಲೂ ಫ್ಲೂ ಬರಬಹುದು, ಆದರೆ ಹೋದ ಸಲದ ಹಾಗೆ ಆಸ್ಪತ್ರೆ ಸೇರೋ ಭಯ ಕಡಿಮೆ.'

ಅತ್ತೆ ಬಹಳ ಹೊತ್ತು ಬತ್ತಿ ಹೊಸೆಯುತ್ತ ಕೂತಿದ್ದರು. ಆಮೇಲೆ ಕೇಳಿದರು, 'ಹತ್ತು ಲಕ್ಷ ಅಂದ್ರೆ ಎಷ್ಟಾಯ್ತೇ? ನಮ್ಮೂರ ಜಾತ್ರೆಗೆ ಅಷ್ಟು ಜನ ಸೇರ್ತಾರಾ?'

'ಅಂಥ ಹತ್ತು ಜಾತ್ರೆ ಸೇರಿಸಿದರೂ ಆಗಲ್ಲ, ಅತ್ತೆ.'

'ಹಾಗಾದ್ರೆ ನಾಳೆ ಬೇಡ, ಮಂಗಳವಾರ. ಬುಧವಾರ ಹೋಗೋಣ.'

ಹೋದೆವು. ಹೋಗುವಾಗ ಸರೋಜಕ್ಕನೂ ಆಟೋ ಹತ್ತಿದರು, ಬರೀ ನೋಡುವುದಕ್ಕೆ ಎಂದು. ಮನೆಗೆ ಬಂದ ಮೇಲೆ ಅತ್ತೆ ತೋಳು ಉಜ್ಜಿಕೊಳ್ಳುತ್ತ, 'ತಾರೀಖು ಬರೆದಿಡು. ಜ್ವರ ಬಂದರೂ ಬರೆ, ಬರದಿದ್ದರೂ ಬರೆ' ಎಂದರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದೆ: ಅತ್ತೆ, ಫ್ಲೂ ಲಸಿಕೆ. ಮರುದಿನದ ಮನೆಯಲ್ಲಿ: ಕೈ ನೋವು, ಜ್ವರ ಇಲ್ಲ.