ಫಿರಂಗರೋಗವೂ ರಕ್ತಪರೀಕ್ಷೆಯೂ

ಪ್ರಾಚೀನ ವೈದ್ಯಗ್ರಂಥಗಳಲ್ಲಿ ರೋಗವೊಂದರ ಹೆಸರನ್ನು ಕಂಡಾಗ, ಅದು ರೋಗದ ಲಕ್ಷಣವನ್ನು ಹೇಳುವುದೋ ಅಥವಾ ಯಾರ ಮೇಲಾದರೂ ದೋಷವನ್ನು ಹೊರಿಸುವುದೋ ಎಂದು ವಿಚಾರಿಸುವುದು ಯುಕ್ತ. ಸುಶ್ರುತಸಂಹಿತೆಯಲ್ಲಿ ಉಪದಂಶವು ಉಕ್ತವಾಗಿದೆ. ೧೬ನೆಯ ಶತಮಾನದ ಭಾವಮಿಶ್ರನಾದರೋ ತನ್ನ ಭಾವಪ್ರಕಾಶದಲ್ಲಿ ಉಪದಂಶದಿಂದ ಬೇರೆಯಾಗಿ ಫಿರಂಗರೋಗವನ್ನು ನಿರೂಪಿಸಿ, ಬಾಹ್ಯ, ಆಭ್ಯಂತರ, ಬಹಿರಂತರ್ಭವ ಎಂದು ಅದನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಫಿರಂಗಿಗಳ ಸಂಸರ್ಗದಿಂದ ಬಂದುದೆಂಬುದೇ ಈ ಹೆಸರಿಗೆ ಕಾರಣ. ಕನ್ನಡದ ‘ಪರಂಗಿಹುಣ್ಣು’ ಸಹ ಈ ಶಬ್ದದಿಂದಲೇ ಬಂದುದು. ಇಟಲಿಯವರು ಇದನ್ನು ಫ್ರೆಂಚರ ರೋಗವೆಂದರು. ಫ್ರೆಂಚರು ನೇಪಲ್ಸಿನ ರೋಗವೆಂದರು. ಸಿಫಿಲಿಸ್ ಎಂಬುದು ವೈದ್ಯಕವಿಯಾದ ಫ್ರಾಕಸ್ತೋರೋ ೧೫೩೦ರಲ್ಲಿ ಪ್ರಕಟಿಸಿದ ಲ್ಯಾಟಿನ್ ಕಾವ್ಯದಲ್ಲಿ ಬರುವ ಕುರಿಗಾಹಿಯೊಬ್ಬನ ಹೆಸರಿನಿಂದ ಹುಟ್ಟಿದುದು.

ರೋಗಕಾರಣವಾದ ಜೀವಾಣುವನ್ನು ೧೯೦೫ರಲ್ಲಿ ಷೌಡಿನ್, ಹಾಫ್‌ಮನ್ ಎಂಬವರು ಕಂಡುಹಿಡಿದರು. ಮರುವರ್ಷವೇ ವಾಸರ್ಮನ್ನನೂ ಅವನ ಸಹೋದ್ಯೋಗಿಗಳೂ ರಕ್ತಪರೀಕ್ಷೆಯೊಂದನ್ನು ಪ್ರಕಟಿಸಿದರು. ಅದಕ್ಕೆ ಕುರಿಯ ರಕ್ತಕಣಗಳೂ ಗಿನಿಯಿಲಿಯ ರಕ್ತರಸವೂ ನುರಿತ ಕೈಯೂ ಬೇಕಾಗಿದ್ದುದರಿಂದ ಅದು ಪಟ್ಟಣದ ಪ್ರಯೋಗಶಾಲೆಯ ಕೆಲಸವಾಗಿಯೇ ಉಳಿಯಿತು. ಈಗಿನ ಶೀಘ್ರಪರೀಕ್ಷೆಗೆ ಬೆರಳ ತುದಿಯ ರಕ್ತ ಸಾಕು. ಪಟ್ಟಿಯ ಮೇಲೆ ಲೇಪಿಸಿದ ಪ್ರತಿಜನಕಕ್ಕೆ ರಕ್ತದ ಪ್ರತಿಕಾಯಗಳು ಅಂಟಿಕೊಂಡರೆ ಸುಮಾರು ೨೦ ನಿಮಿಷಗಳಲ್ಲಿ ಗೆರೆಯೊಂದು ಮೂಡುವುದು. ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದಂತಹ ತೆಂಗಿನ ಸೀಮೆಯ ಊರುಗಳಲ್ಲಿ, ಗರ್ಭಿಣಿಯು ಬಂದ ದಿನವೇ ಫಲವನ್ನು ತಿಳಿಸಲು ಇಂತಹ ಪರೀಕ್ಷೆಯೇ ತಕ್ಕ ಸಾಧನ. ರೋಗವು ಗರ್ಭಕ್ಕೆ ಸೋಕಿದರೆ ಶಿಶುವು ಸತ್ತೇ ಹುಟ್ಟಬಹುದು. ಸಕಾಲದಲ್ಲಿ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟರೆ ಈ ಅನರ್ಥವು ಬಹುಮಟ್ಟಿಗೆ ತಪ್ಪುತ್ತದೆ.

ಆದರೆ ಆ ಗೆರೆಯನ್ನು ಓದುವುದರಲ್ಲಿ ಎಚ್ಚರ ಬೇಕು. ರೋಗವು ಗುಣವಾದ ಮೇಲೆಯೂ ಈ ಪ್ರತಿಕಾಯಗಳು ಸಾಮಾನ್ಯವಾಗಿ ಬಾಳಿನುದ್ದಕ್ಕೂ ಉಳಿಯುತ್ತವೆ. ದಾನಶಾಸನವು ಹಿಂದೊಮ್ಮೆ ಭೂಮಿಯನ್ನು ಕೊಟ್ಟುದನ್ನು ಹೇಳುವುದೇ ಹೊರತು ಇಂದು ಅದು ಯಾರ ಸ್ವಾಧೀನದಲ್ಲಿದೆಯೆಂಬುದನ್ನು ಹೇಳದು. ಅದಕ್ಕೆ ಪಹಣಿಯನ್ನು ನೋಡಬೇಕು. ಹಾಗೆಯೇ ಸದ್ಯದ ಸ್ಥಿತಿಯನ್ನು ಅರಿಯಲು, ೧೯೪೬ರಲ್ಲಿ ಪ್ರಕಟವಾದ ವಿ.ಡಿ.ಆರ್.ಎಲ್. ಪರೀಕ್ಷೆಯನ್ನೋ ಅದೇ ವರ್ಗದ ಆರ್.ಪಿ.ಆರ್. ಪರೀಕ್ಷೆಯನ್ನೋ ಮಾಡಿಸಿ, ಹಿಂದಿನ ಚಿಕಿತ್ಸೆಯ ವೃತ್ತಾಂತದೊಡನೆ ಕೂಡಿಸಿ ನೋಡಬೇಕು. ಗರ್ಭಿಣಿಯ ವಿಷಯದಲ್ಲಿ ಮಾತ್ರ, ಎರಡನೆಯ ಪರೀಕ್ಷೆಗೆ ತಡವಾಗುವೆಡೆ ಮೊದಲ ಚುಚ್ಚುಮದ್ದನ್ನು ತಡೆಯಲಾಗದು. ಕಾಯುವುದರಿಂದ ಶಿಶುವಿಗೆ ಹಾನಿ.

ಗೆರೆಯು ಪ್ರತಿಕಾಯ ಉಂಟೆಂಬುದಿಷ್ಟನ್ನೇ ಹೇಳುತ್ತದೆ. ರೋಗವು ಯಾರಿಂದ, ಎಂದು ಬಂದಿತೆಂಬುದಕ್ಕೆ ಅದು ಪ್ರಮಾಣವಲ್ಲ. ಹಿಂದೆ ಪರದೇಶಿಯ ಮೇಲೆ ಹೊರಿಸಿದ ಆರೋಪವನ್ನು ಇಂದು ಪರೀಕ್ಷೆಗೆ ಬಂದ ಹೆಣ್ಣಿನ ಮೇಲೆ ಹೊರಿಸುವುದಕ್ಕೆ ಶಾಸ್ತ್ರದ ಆಧಾರವಿಲ್ಲ.