ಬಜಪೆಯ ಪದವೂ ವಿಮಾನಗಳ ಮೋಹವೂ

ಸಮುದ್ರತೀರದ ಪಟ್ಟಣಗಳಲ್ಲಿ ಬಾಳುವ ಜನರಿಗೆ ವಾಹನವನ್ನು ಅದರ ಆಕಾರದಿಂದಲೇ ಗುರುತಿಸುವ ಕಣ್ಣು ಸಹಜವಾಗಿ ಬೆಳೆಯುವುದು. ಮಂಗಳೂರಿನ ಹಳೆಯ ಬಂದರಿನ ಧಕ್ಕೆಯ ಮೇಲೆ ನಿಂತವನು ದೂರದ ಹಾಯಿಯ ಬಾಗನ್ನು ಕಂಡು, ಬರುತ್ತಿರುವುದು ಮಂಜಿಯೋ ಪತ್ತೆಮಾರಿಯೋ ಎಂದು ಹೇಳಬಲ್ಲವನಾಗಿದ್ದನು. ಅದರಿಂದ ಅವನಿಗೆ ಲಾಭವಿರಲಿ ಇಲ್ಲದಿರಲಿ, ಚೆನ್ನಾಗಿ ಕಟ್ಟಿದ ಹಡಗನ್ನು ನೋಡುವುದೇ ಒಂದು ಸಂತೋಷ. ಆದರೆ ಅವನ ಕಣ್ಣು ಹಾಯಿಯಲ್ಲೇ ನಿಲ್ಲುತ್ತಿರಲಿಲ್ಲ; ಅಳಿವೆಯ ಮರಳುದಿಣ್ಣೆಯನ್ನು ಹಡಗು ಹೇಗೆ ದಾಟುವುದೆಂಬುದನ್ನೂ ಅದು ನೋಡುತ್ತಿದ್ದಿತು. ವಿಮಾನಗಳನ್ನು ಕಂಡು ಮೆಚ್ಚುವವರ ಮೋಹವೂ ಇದೇ ಜಾತಿಯದು. ಅದರ ಗುಣವೂ ಅದರ ಕೊರತೆಯೂ ಮಂಗಳೂರಿನ ವಿಮಾನಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣುವುವು.

ಭಾರತದಲ್ಲಿ ವಿಮಾನವು ಮೊದಲು ಜನರ ಮುಂದೆ ಬಂದುದು ಒಂದು ಕೌತುಕವಾಗಿ. 1911ನೆಯ ಫೆಬ್ರವರಿ 18ರಂದು ಅಲಹಾಬಾದಿನಲ್ಲಿ ಆಂರಿ ಪೆಕೆ ಎಂಬ ಫ್ರೆಂಚ್ ವೈಮಾನಿಕನು ಸುಮಾರು 6,500 ಪತ್ರಗಳನ್ನು ಹೊತ್ತುಕೊಂಡು ಯಮುನೆಯನ್ನು ದಾಟಿ ನೈನಿಯಲ್ಲಿಳಿದನು. ಹಾರಿದ ದೂರ ಹತ್ತು ಕಿಲೋಮೀಟರಿನಷ್ಟು ಮಾತ್ರ. ಈ ಕೌತುಕವು ಉಪಯೋಗಕ್ಕೆ ತಿರುಗಲು ಎರಡು ದಶಕಗಳು ಬೇಕಾದುವು. 1932ನೆಯ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಒಂದೇ ಯಂತ್ರದ ‘ಪುಸ್ ಮಾತ್’ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆಯನ್ನು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟರು ಬಳ್ಳಾರಿಯ ಮಾರ್ಗವಾಗಿ ಅದನ್ನು ಮದರಾಸಿಗೆ ಒಯ್ದರು. ಕನ್ನಡದ ನೆಲವು ದೇಶದ ವಿಮಾನಮಾರ್ಗದಲ್ಲಿ ಸೇರಿದುದು ಹೀಗೆ. 1935ರಲ್ಲಿ ಅದೇ ಸಂಸ್ಥೆಯು ಮುಂಬಯಿಯಿಂದ ತಿರುವನಂತಪುರಕ್ಕೆ ಪಡುಗಡಲ ತೀರದ ಮಾರ್ಗವನ್ನು ತೆರೆಯಿತು. ಗೋವೆಯೂ ಕಣ್ಣಾನೂರೂ ಅದರ ನಿಲುದಾಣಗಳಾದುವು. ಅವೆರಡರ ನಡುವಣ ಮಂಗಳೂರಿಗೆ ಆ ಭಾಗ್ಯ ಒದಗಲಿಲ್ಲ.

ಈ ಕೊರತೆ ಸಣ್ಣದಾಗಿರಲಿಲ್ಲ. ಮದರಾಸಿನ ಕಡೆಯ ರೈಲು ಮಂಗಳೂರಿಗೆ 1907ರಲ್ಲಿ ಬಂದಿದ್ದರೂ, ಘಟ್ಟವನ್ನೇರಿ ಹಾಸನಕ್ಕೆ ಹೋಗುವ ಮಾರ್ಗವು 1979ರವರೆಗೆ ತೆರೆಯಲಿಲ್ಲ. ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದುದು 1998ರಲ್ಲಿ. ಮೂಡಲಲ್ಲಿ ಘಟ್ಟ, ಪಡುವಲಲ್ಲಿ ಕಡಲು, ಉತ್ತರಕ್ಕೆ ಹೊಳೆಯ ಮೇಲೆ ಹೊಳೆ. ಇಂತಹ ಊರಿಗೆ ಆಕಾಶಮಾರ್ಗವು ಸಿರಿವಂತರ ವಿನೋದವಾಗಿರದೆ, ಹೊರಲೋಕಕ್ಕೆ ತೆರೆದ ಬಾಗಿಲೇ ಆಗಬಹುದಾಗಿದ್ದಿತು. ಲೋಕಸಭಾ ಸದಸ್ಯರಾಗಿದ್ದು, ಮುಂದೆ ಪಣಂಬೂರಿನ ಬಂದರಿಗೂ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿಗೂ ಕಾರಣರಾದ ಉಳ್ಳಾಲ ಶ್ರೀನಿವಾಸ ಮಲ್ಯರು ವಿಮಾನನಿಲ್ದಾಣಕ್ಕಾಗಿ ಪಟ್ಟ ಶ್ರಮವನ್ನು ಜಿಲ್ಲೆಯ ಜನರು ಇಂದಿಗೂ ನೆನೆಯುತ್ತಾರೆ.

ನೆಲವನ್ನು ಆರಿಸಿದುದು ಬಜಪೆಯ ಬಳಿಯ ಪದವಿನಲ್ಲಿ. ತುಳುನಾಡಿನಲ್ಲಿ ಪದವೆಂದರೆ ಮುರಕಲ್ಲಿನ ಗುಡ್ಡದ ತಲೆಯ ಮೇಲಿನ ಬಯಲು. ಕಣಿವೆಗಳು ಗದ್ದೆತೋಟಗಳಿಗೆ ಸಂದಿರುವ ಈ ಸೀಮೆಯಲ್ಲಿ ಅಗಲವಾದ ಸಮನೆಲವು ದೊರೆಯುವುದು ಗುಡ್ಡದ ನೆತ್ತಿಯಲ್ಲಿ ಮಾತ್ರ. ಸಮುದ್ರಮಟ್ಟದಿಂದ ಸುಮಾರು 100 ಮೀಟರು ಎತ್ತರದ ಆ ಬಯಲಿನಲ್ಲಿ 1951ನೆಯ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದು ನಿಲ್ದಾಣವನ್ನು ಉದ್ಘಾಟಿಸಿದರು.

ಈ ಡಕೋಟಾ ವಿಮಾನದ ವಿಷಯವಾಗಿ ಎರಡು ಮಾತು ಹೇಳತಕ್ಕದ್ದುಂಟು. ಇದರ ಮೂಲನಾಮ ಡಗ್ಲಾಸ್ ಡಿಸಿ-3. ಅಮೆರಿಕದಲ್ಲಿ ಇದು ಮೊದಲು ಹಾರಿದುದು 1935ನೆಯ ಡಿಸೆಂಬರ್ 17ರಂದು. ರೈಟ್ ಸಹೋದರರು ಮೊದಲು ಹಾರಿದ ದಿನಕ್ಕೆ ಸರಿಯಾಗಿ 32 ವರ್ಷಗಳ ತರುವಾಯ. ಎರಡು ಯಂತ್ರಗಳು, ಪ್ರತಿಯೊಂದರಲ್ಲಿಯೂ ಉರುಳೆಗಳು ಅಚ್ಚಿನ ಸುತ್ತ ಚಕ್ರದ ಅರಗಳಂತೆ ಜೋಡಿಸಲ್ಪಟ್ಟು, ಗಾಳಿಯಿಂದಲೇ ತಣಿಯುವುವು. ಮುಂದೆ ಎರಡು ದೊಡ್ಡ ಗಾಲಿಗಳು, ಬಾಲದಡಿಯಲ್ಲಿ ಒಂದು ಚಿಕ್ಕ ಗಾಲಿ. ಆದಕಾರಣ ನೆಲದ ಮೇಲೆ ಅದು ಮೂಗನ್ನು ಮೇಲೆತ್ತಿ ನಿಲ್ಲುವುದು. ಪ್ರಯಾಣಿಕನು ತನ್ನ ಆಸನಕ್ಕೆ ಏರುಗಟ್ಟನ್ನು ಹತ್ತುವವನಂತೆ ನಡೆಯಬೇಕಾಗುವುದು. ಮಂದಗತಿಯಲ್ಲಿಯೂ ಗಾಳಿಯಲ್ಲಿ ನಿಲ್ಲಬಲ್ಲ ಅಗಲವಾದ ರೆಕ್ಕೆಗಳುಳ್ಳುದರಿಂದ ಚಿಕ್ಕ ಬಯಲಿನಲ್ಲಿ, ಹುಲ್ಲು ಮಣ್ಣಿನ ಮೇಲೆ ಸಹ, ಅದು ಇಳಿಯಬಲ್ಲದು. ಸುಮಾರು 1,600 ಮೀಟರು ಉದ್ದದ ಬಜಪೆಯ ಹಳೆಯ ಓಡುದಾರಿಗೆ ತಕ್ಕ ವಿಮಾನವೆಂದರೆ ಅದೇ. ಮಹಾಯುದ್ಧದಲ್ಲಿ ಉಳಿದ ಇಂತಹ ವಿಮಾನಗಳನ್ನು ಬೆಂಗಳೂರಿನಲ್ಲಿ 1940ರಲ್ಲಿ ಸ್ಥಾಪಿತವಾದ ಹಿಂದುಸ್ಥಾನ್ ವಿಮಾನ ಕಾರ್ಖಾನೆಯು ಸರಿಪಡಿಸಿ ಜನರ ಪ್ರಯಾಣಕ್ಕೆ ಒದಗಿಸಿಕೊಟ್ಟಿತು.

ನೋಡುವುದರಿಂದ ತೃಪ್ತಿ ಹೊಂದದೆ ತಾನೇ ಹಾರಬೇಕೆಂಬವರಿಗೂ ಅದೇ ಕಾರ್ಖಾನೆಯು ದಾರಿ ಮಾಡಿತು. ಡಾಕ್ಟರ್ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರಚಿತವಾದ ಎಚ್‌ಟಿ-2 ಎಂಬ ಶಿಕ್ಷಣವಿಮಾನವು 1951ರಲ್ಲಿ ಹಾರಿತು. 1958ರಲ್ಲಿ ಹಾರಿದ ಎರಡು ಆಸನಗಳ ಹಗುರವಾದ ವಿಮಾನಕ್ಕೆ ‘ಪುಷ್ಪಕ’ವೆಂದು ಹೆಸರಿಟ್ಟರು. ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ, 90 ಕುದುರೆಶಕ್ತಿಯ ಯಂತ್ರ. ಪುರಾಣದ ಪುಷ್ಪಕವು ಎಷ್ಟು ಜನರು ಏರಿದರೂ ಇನ್ನೊಬ್ಬರಿಗೆ ಎಡೆಗೊಡುತ್ತಿದ್ದಿತಂತೆ. ಬೆಂಗಳೂರಿನ ಪುಷ್ಪಕದಲ್ಲಿ ಇಬ್ಬರಿಗೇ ಇಕ್ಕಟ್ಟು. ಆದರೂ ದೇಶದ ಹಾರಾಟ ಕ್ಲಬ್ಬುಗಳಲ್ಲಿ ಅನೇಕ ತರುಣರು ಗಾಳಿಯ ಪಾಠವನ್ನು ಕಲಿತುದು ಅದರಲ್ಲಿಯೇ.

ಬಜಪೆಯಲ್ಲಿ ಡಕೋಟಾದ ತರುವಾಯ ಆವ್ರೋ ವಿಮಾನಗಳು ಬಂದುವು. ಪದವಿನ ಗುಣವು ಸೌಕರ್ಯದೊಡನೆ ಅಪಾಯವನ್ನೂ ತರುವುದೆಂಬುದು ಆಗ ತಿಳಿದುಬಂದಿತು. ಓಡುದಾರಿಯ ತುದಿಯಲ್ಲಿ ನೆಲವೇ ಮುಗಿದು ಕಣಿವೆ ತೊಡಗುವುದು. 1981ನೆಯ ಆಗಸ್ಟ್ 19ರಂದು ಒಂದು ಆವ್ರೋ ವಿಮಾನವು ಮಳೆಯಿಂದ ಒದ್ದೆಯಾದ ದಾರಿಯಲ್ಲಿ ತುದಿಯನ್ನು ಮೀರಿ ಹೋಗಿ ನಿಂತಿತು. ವಿಮಾನವು ಕೆಟ್ಟರೂ ಜೀವಹಾನಿಯಾಗಲಿಲ್ಲ. 2006ರಲ್ಲಿ 2,450 ಮೀಟರು ಉದ್ದದ ಹೊಸ ಓಡುದಾರಿಯು ತೆರೆಯಿತು; ಅದೇ ವರ್ಷ ದುಬೈಗೆ ನೇರವಾದ ವಿಮಾನವು ಹೊರಟಿತು. ಕೊಲ್ಲಿಯ ನಾಡುಗಳಲ್ಲಿ ದುಡಿಯುವವರ ಮನೆಗಳಿಗೆ ಅದೊಂದು ಹಬ್ಬವೇ ಆಯಿತು.

ನಾಲ್ಕು ವರ್ಷಗಳೊಳಗೆ ಆ ಹಬ್ಬಕ್ಕೆ ಸೂತಕ ಬಂದಿತು. 2010ನೆಯ ಮೇ 22ರ ಬೆಳಗಿನಲ್ಲಿ ದುಬೈಯಿಂದ ಬಂದ ಬೋಯಿಂಗ್ 737 ವಿಮಾನವು ಓಡುದಾರಿಯನ್ನು ಮೀರಿ ಕಣಿವೆಗೆ ಉರುಳಿ ಉರಿಯಿತು. ಇದ್ದ 166 ಜನರಲ್ಲಿ ಉಳಿದವರು 8 ಜನರು ಮಾತ್ರ. ಆ ದಿನ ಯಂತ್ರವು ಕೆಟ್ಟಿರಲಿಲ್ಲ, ಮಳೆಯೂ ಇರಲಿಲ್ಲ. ವಿಮಾನವು ಇರಬೇಕಾದುದಕ್ಕಿಂತ ಮೇಲಿನಿಂದ ಇಳಿದು, 8,000 ಅಡಿಯ ದಾರಿಯಲ್ಲಿ ಸುಮಾರು 5,200 ಅಡಿಗಳನ್ನು ಕಳೆದ ಮೇಲೆ ನೆಲವನ್ನು ಮುಟ್ಟಿತೆಂದು ವಿಚಾರಣೆಯಲ್ಲಿ ಕಂಡುಬಂದಿತು. ಇಳಿಯದೆ ಮತ್ತೆ ಮೇಲೇರಬೇಕೆಂದು ಸಹವೈಮಾನಿಕನು ಹೇಳಿದ್ದರೂ ಆ ಮಾತು ನಡೆಯಲಿಲ್ಲ. ಉಳಿದ ದೂರ 2,800 ಅಡಿ, ಅದರಾಚೆಗೆ ಕಣಿವೆ. ಬಂಧುಗಳನ್ನು ಕರೆತರಲು ಬಾಗಿಲಲ್ಲಿ ಕಾದಿದ್ದವರು ಶವಾಗಾರದ ಕಡೆಗೆ ನಡೆಯಬೇಕಾಯಿತು.

ಇಂತಹ ದಿನದ ಮೇಲೆ ವಿಮಾನವನ್ನು ನೋಡಿ ಸಂತೋಷಪಡುವುದು ಯುಕ್ತವೆ? ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ದೋಷವಿದ್ದುದು ಮೆಚ್ಚುವುದರಲ್ಲಲ್ಲ. ವಿಮಾನದ ಚೆಲುವು ಅದರ ಮಿತಿಯಿಂದ ಬೇರೆಯಾದುದಲ್ಲ: ಡಕೋಟಾದ ರೆಕ್ಕೆಯು ಅಗಲವಾಗಿರುವುದು ಅದು ಮೆಲ್ಲನೆ ಇಳಿಯಬೇಕಾದುದರಿಂದ, ಬೋಯಿಂಗಿನ ರೆಕ್ಕೆಯು ಹಿಂದಕ್ಕೆ ಬಾಗಿರುವುದು ಅದು ವೇಗದಿಂದ ಹೋಗಬೇಕಾದುದರಿಂದ, ಆ ವೇಗಕ್ಕೆ ಬೆಲೆಯಾಗಿ ಅದು ನೆಲವನ್ನು ಹೆಚ್ಚು ಬೇಡುವುದು. ಈ ಲೆಕ್ಕವನ್ನು ತಿಳಿದು ನೋಡುವವನೇ ನಿಜವಾದ ರಸಿಕನು.

2018ರಲ್ಲಿ, ಇಂಗ್ಲೆಂಡಿನಲ್ಲಿ ದುರಸ್ತಿಯಾದ ಒಂದು ಹಳೆಯ ಡಕೋಟಾ ವಿಮಾನವು ಹಾರುತ್ತಲೇ ಭಾರತಕ್ಕೆ ಬಂದು ವಾಯುಪಡೆಯನ್ನು ಸೇರಿತು. ರಾಜೀವ್ ಚಂದ್ರಶೇಖರ್ ಅವರು, ಡಕೋಟಾಗಳನ್ನು ನಡೆಸಿದ್ದ ತಮ್ಮ ತಂದೆಯ ಗೌರವಾರ್ಥವಾಗಿ ಅದನ್ನು ಅರ್ಪಿಸಿದರು. ಅದಕ್ಕಿಟ್ಟ ಹೆಸರು ‘ಪರಶುರಾಮ’. ಕಡಲನ್ನು ಹಿಂದೂಡಿ ಈ ತೀರದ ನೆಲವನ್ನು ಪಡೆದನೆಂದು ಐತಿಹ್ಯವು ಹೇಳುವ ಋಷಿಯ ಹೆಸರನ್ನು, ಬಜಪೆಯ ಪದವಿಗೆ 1951ರಲ್ಲಿ ಪ್ರಧಾನಮಂತ್ರಿಗಳನ್ನು ಹೊತ್ತು ತಂದ ಜಾತಿಯ ವಿಮಾನಕ್ಕೇ ಇಟ್ಟುದು ಆಕಸ್ಮಿಕವೇ ಆದರೂ, ಮಂಗಳೂರಿನವರಿಗೆ ಪ್ರಿಯವಾಗತಕ್ಕುದು. ಋಷಿಯು ಕೊಡಲಿಯನ್ನು ಎಸೆದಷ್ಟೇ ದೂರ ನೆಲವು ದೊರೆಯಿತಂತೆ. ಗುಡ್ಡದ ನೆತ್ತಿಯ ನೆಲಕ್ಕೂ ಹಾಗೆಯೇ ಒಂದು ಅಳತೆಯುಂಟು. ಧಕ್ಕೆಯ ಮೇಲಿನ ಹಿಂದಿನವನು ಅಳಿವೆಯ ಮರಳನ್ನು ನೋಡುತ್ತಿದ್ದಂತೆ, ಇಂದು ವಿಮಾನವನ್ನು ಬಲ್ಲವನು ಮೊದಲು ನೋಡುವುದು ಗಾಲಿಗಳು ದಾರಿಯ ಯಾವ ಎಡೆಯಲ್ಲಿ ನೆಲವನ್ನು ಮುಟ್ಟುವುವೆಂಬುದನ್ನು.