ಮೈಗಳ್ಳತನವಲ್ಲದ ಜಡತೆ: ಖಿನ್ನತೆಯಲ್ಲಿ ಪ್ರೇರಣೆ ಮತ್ತು ಶ್ರಮದ ಅಧ್ಯಯನ

ಖಿನ್ನತೆಯೆಂದರೆ ಮಿತಿಮೀರಿದ ದುಃಖ ಎಂಬ ಗ್ರಹಿಕೆ ಬಹುಕಾಲದಿಂದ ಬೇರೂರಿದ್ದರೂ, ಹಾಸಿಗೆಯಿಂದ ಏಳಲಾಗದ, ಸ್ನಾನಕ್ಕೂ ಮನಸ್ಸು ಬಾರದ ಸ್ಥಿತಿ ಮನೋವೈದ್ಯಶಾಸ್ತ್ರದ ಕಣ್ಣಿಗೆ ಬಿದ್ದದ್ದು ಇತ್ತೀಚೆಗೇನಲ್ಲ. ಜರ್ಮನಿಯ ಎಮಿಲ್ ಕ್ರೆಪೆಲಿನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಕುಗ್ಗಿದ ಭಾವ ಮತ್ತು ನಿಧಾನಗೊಂಡ ಆಲೋಚನೆಗಳ ಜೊತೆಗೆ ಇಚ್ಛೆಗೆ ಬೀಳುವ ತಡೆಯನ್ನೂ ಈ ಕಾಯಿಲೆಯ ಪ್ರಧಾನ ಲಕ್ಷಣವೆಂದು ವರ್ಣಿಸಿದ್ದನು. ಅದೇ ಕಾಲದಲ್ಲಿ, 1896ರಲ್ಲಿ, ಫ್ರಾನ್ಸಿನ ತೆಯೊಡ್ಯೂಲ್ ರಿಬೊ ಸುಖವನ್ನು ಅನುಭವಿಸಲಾಗದ ಸ್ಥಿತಿಗೆ ‘ಅನ್‌ಹೆಡೋನಿಯಾ’ ಎಂಬ ಹೆಸರನ್ನಿತ್ತನು. ಮುಂದೆ ಈ ಪದವೇ ಪ್ರಬಲವಾಗಿ, ಕ್ರೆಪೆಲಿನ್ ಗುರುತಿಸಿದ ಇಚ್ಛೆಯ ತಡೆ ಹಿಂದೆ ಸರಿಯಿತು. ಅಮೆರಿಕದ ಮನೋವೈದ್ಯಕೀಯ ಸಂಘವು 1980ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿ ‘ಆಸಕ್ತಿ ಅಥವಾ ಸುಖದ ನಷ್ಟ’ ಎಂದು ಎರಡನ್ನೂ ಒಂದೇ ಲಕ್ಷಣವಾಗಿ ಹೆಣೆದಾಗ, ಬೇರೆಬೇರೆಯಾಗಿ ಅಳೆಯಬೇಕಾಗಿದ್ದ ಎರಡು ಸಂಗತಿಗಳು ಒಂದರಲ್ಲೊಂದು ಬೆರೆತುಹೋದವು.

ಅವನ್ನು ಮತ್ತೆ ಬಿಡಿಸಿದ ಕೆಲಸ ನಡೆದದ್ದು ಬಹುಮಟ್ಟಿಗೆ ಇಲಿಗಳ ಪ್ರಯೋಗಶಾಲೆಯಲ್ಲಿ. ಅಮೆರಿಕದ ಜಾನ್ ಸಲಮೋನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ಓಣಿಯೊಂದನ್ನು ಮಾಡಿ, ಒಂದು ಬದಿಯಲ್ಲಿ ಹೆಚ್ಚು ಆಹಾರವನ್ನಿಟ್ಟು ಅದರ ಮುಂದೆ ಹತ್ತಿ ದಾಟಬೇಕಾದ ತಡೆಗೋಡೆ ನಿಲ್ಲಿಸಿದರು. ಇನ್ನೊಂದು ಬದಿಯಲ್ಲಿ ಆಹಾರ ಕಡಿಮೆಯಿದ್ದರೂ ದಾರಿ ಸಲೀಸಾಗಿತ್ತು. ಆರೋಗ್ಯವಂತ ಇಲಿಗಳು ಗೋಡೆ ಹತ್ತಿದವು. ಮಿದುಳಿನ ಆಳದಲ್ಲಿರುವ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಭಾಗದಲ್ಲಿ ಡೋಪಮೈನ್ ಎಂಬ ನರವಾಹಕ ರಾಸಾಯನಿಕವನ್ನು ತಗ್ಗಿಸಿದ ಇಲಿಗಳು ಮಾತ್ರ ಸಲೀಸು ದಾರಿಯ ಅಲ್ಪ ಆಹಾರಕ್ಕೇ ತೃಪ್ತಿಪಟ್ಟವು. ಆದರೆ ಗೋಡೆಯನ್ನು ತೆಗೆದಾಗ ಅವೂ ಹೆಚ್ಚು ಆಹಾರವನ್ನೇ ಆಯ್ದುಕೊಂಡವು. ಸಲೀಸು ದಾರಿಯ ಕೊನೆಯಲ್ಲಿ ಆಹಾರವೇ ಇಲ್ಲದಂತೆ ಮಾಡಿದಾಗ ಇಂಥ ಇಲಿಗಳೂ ಗೋಡೆ ಹತ್ತಿದವು. ಅಂದಮೇಲೆ ಕೆಟ್ಟದ್ದು ಹಸಿವೂ ಅಲ್ಲ, ರುಚಿಯೂ ಅಲ್ಲ, ಹತ್ತುವ ಶಕ್ತಿಯೂ ಅಲ್ಲ. ದೊರೆಯುವ ಫಲಕ್ಕೆ ಇಷ್ಟು ಶ್ರಮ ತಕ್ಕುದೇ ಎಂದು ತೂಗಿ ನೋಡುವ ತಕ್ಕಡಿ.

ಈ ತಕ್ಕಡಿಯನ್ನು ಮನುಷ್ಯರಲ್ಲಿ ಅಳೆಯಲು ಮೈಕೆಲ್ ಟ್ರೆಡ್‌ವೇ ಮತ್ತು ಡೇವಿಡ್ ಜಾಲ್ಡ್ ಅವರ ತಂಡ 2009ರಲ್ಲಿ ಪ್ರಕಟಿಸಿದ ಪರೀಕ್ಷೆ ನೋಡಲು ತೀರ ಸರಳವಾದುದು. ಸುಲಭದ ಕೆಲಸವೆಂದರೆ ರೂಢಿಯ ಕೈಯ ತೋರುಬೆರಳಿನಿಂದ 7 ಸೆಕೆಂಡುಗಳಲ್ಲಿ 30 ಸಲ ಗುಂಡಿ ಒತ್ತುವುದು, ಕಷ್ಟದ್ದೆಂದರೆ ಇನ್ನೊಂದು ಕೈಯ ಕಿರುಬೆರಳಿನಿಂದ 21 ಸೆಕೆಂಡುಗಳಲ್ಲಿ 100 ಸಲ ಒತ್ತುವುದು. ಸುಲಭದ್ದಕ್ಕೆ ಒಂದು ಡಾಲರ್, ಕಷ್ಟದ್ದಕ್ಕೆ ನಾಲ್ಕು ಡಾಲರಿಗೂ ಮೇಲಕ್ಕೇರುವ ಬಹುಮಾನ. ಇದೇ ಪರೀಕ್ಷೆಯನ್ನು ಖಿನ್ನತೆಯುಳ್ಳವರಿಗೆ ನೀಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರು ಆರೋಗ್ಯವಂತರಿಗಿಂತ ಕಡಿಮೆ ಸಲ ಕಷ್ಟದ ಕೆಲಸವನ್ನು ಆಯ್ದುಕೊಂಡದ್ದು ಕಂಡುಬಂದಿತು. ಕಿರುಬೆರಳಿನ ದಣಿವಿಗೂ ಬೆಳಗ್ಗೆ ಎದ್ದು ಒಲೆ ಹಚ್ಚಲಾಗದವರ ದಣಿವಿಗೂ ಇರುವ ಅಂತರ ದೊಡ್ಡದು ಎಂಬುದನ್ನು ಮರೆಯುವಂತಿಲ್ಲ. ಆದರೂ ಮನೆಮಂದಿ ಮೈಗಳ್ಳತನವೆಂದು ಹಳಿಯುವುದನ್ನು ಕಾಯಿಲೆಯ ಅಂಗವಾಗಿ ಅಳೆಯಬಹುದೆಂದು ತೋರಿಸಿದ್ದು ಸಣ್ಣ ಸಾಧನೆಯಲ್ಲ.

ಕೈಚೆಲ್ಲುವಿಕೆಯ ಅಧ್ಯಯನವೂ ಇದೇ ದಿಕ್ಕಿಗೆ ಹೊರಳಿದೆ. ತಪ್ಪಿಸಿಕೊಳ್ಳಲಾಗದ ಆಘಾತಕ್ಕೆ ಒಳಗಾದ ನಾಯಿಗಳು ಮುಂದೆ ಬಿಡುಗಡೆಯ ದಾರಿಯಿದ್ದರೂ ಸುಮ್ಮನಿದ್ದುದನ್ನು 1967ರಲ್ಲಿ ವರದಿ ಮಾಡಿ, ಅದನ್ನು ‘ಕಲಿತ ಅಸಹಾಯಕತೆ’ ಎಂದು ಕರೆದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೈಯರ್, ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ತಮ್ಮ ಸಿದ್ಧಾಂತವನ್ನು ತಾವೇ ತಿರುವುಹಾಕಿದರು: ದೀರ್ಘ ಸಂಕಟದಲ್ಲಿ ಜಡವಾಗುವುದು ಕಲಿಯದೆಯೇ ಬರುವ ಪ್ರತಿಕ್ರಿಯೆ, ಕಲಿಯಬೇಕಾದದ್ದು ಪರಿಸ್ಥಿತಿ ತನ್ನ ಹಿಡಿತದಲ್ಲಿದೆ ಎಂಬುದನ್ನು. ತಮ್ಮ ಹೆಸರಿಗೇ ಅಂಟಿಕೊಂಡಿದ್ದ ವಾದವನ್ನು ಹೀಗೆ ತಿದ್ದಿಕೊಂಡ ಪ್ರಾಮಾಣಿಕತೆ ಗೌರವಾರ್ಹ.

ಚಿಕಿತ್ಸೆಯಲ್ಲಿ ಇದಕ್ಕೆ ಹೊಂದುವ ಮಾರ್ಗವೆಂದರೆ, ಮನಸ್ಸು ಬರಲೆಂದು ಕಾಯದೆ ಸಣ್ಣ ಕೆಲಸವೊಂದನ್ನು ಮೊದಲು ಮಾಡಿಸಿ ಉತ್ಸಾಹವನ್ನು ಅದರ ಹಿಂದೆ ಬರಗೊಡುವ ‘ಚಟುವಟಿಕೆ ಚಿಕಿತ್ಸೆ’. 1970ರ ದಶಕದ ಚಾರ್ಲ್ಸ್ ಫರ್ಸ್ಟರ್ ಮತ್ತು ಪೀಟರ್ ಲೆವಿನ್‌ಸನ್ ಅವರ ಬರಹಗಳಲ್ಲಿ ಅದರ ಬೇರುಗಳಿವೆ. ಕರ್ನಾಟಕದ ನೆರೆಯ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯ 495 ಮಂದಿಯನ್ನು ಒಳಗೊಂಡ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಚಿಕಿತ್ಸೆಯನ್ನು ನೀಡಿದವರು ವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯ ಸಾಮಾನ್ಯ ಜನರು. ಮೂರು ತಿಂಗಳ ನಂತರ ಅವರ ಬಳಿ ಚಿಕಿತ್ಸೆ ಪಡೆದವರಲ್ಲಿ ರೋಗಲಕ್ಷಣಗಳು ಉಳಿದವರಿಗಿಂತ ಹೆಚ್ಚು ತಗ್ಗಿದ್ದವು.